ಭಾವನ ಸ್ಯಾಕ್ಸೊಫೋನಿಗೆ ಹೊಸ ಪ್ಯಾಡು

ಐವತ್ತು ದಾಟಿದ ಗಂಡಸನ್ನು ಮನೆಮಂದಿಯೆಲ್ಲ ‘ಪೀಪಿ’ ಎಂದು ಕರೆದರೆ ಯಾರಿಗಾದರೂ ಮೈ ಉರಿಯಬೇಕು. ಆದರೆ ಕ್ಲಾರಿನೆಟ್ಟು, ಕೊಳಲು, ಸ್ಯಾಕ್ಸೊಫೋನುಗಳಂಥ ಊದುವ ವಾದ್ಯಗಳ ರಿಪೇರಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಆ ಹೆಸರು ಎಂದೋ ಅಂಟಿಕೊಂಡಿತ್ತು. ಕಿತ್ತುಹಾಕುವ ಹುಮ್ಮಸ್ಸು ಅವನಲ್ಲೂ ಉಳಿದಿರಲಿಲ್ಲ. ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವನ ಕೋಣೆ. ಕಿಟಕಿಗೆ ಒತ್ತಿಕೊಂಡ ಉದ್ದನೆಯ ಮೇಜು. ಅದರ ಮೇಲೆ ಸ್ಪಿರಿಟ್ ದೀಪ, ಅರಗಿನ ಕಡ್ಡಿಗಳು, ಚಿಮಟ, ಬೆಂಡಿನ ಚೂರು, ಕೂದಲೆಳೆಯಂಥ ಸ್ಪ್ರಿಂಗುಗಳನ್ನು ತುಂಬಿಟ್ಟ ಬಾಟಲಿ ಮುಚ್ಚಳಗಳು. ನೋಡಿದವರಿಗೆ ಗುಜರಿ, ಅವನಿಗೆ ಮಾತ್ರ ಪ್ರತಿಯೊಂದಕ್ಕೂ ಜಾಗವಿತ್ತು. ಹೆಂಡತಿ ಒಮ್ಮೆ ಪಾಪ ಎಂದು ಮೇಜು ಒರೆಸಿಕೊಟ್ಟಿದ್ದಕ್ಕೆ ಅವಳ ಜೊತೆ ಮಾತು ಬಿಟ್ಟಿದ್ದ.

ಪೀಪಿಗೆ ತನ್ನ ಕೈಕೆಲಸದ ಬಗ್ಗೆ ಇದ್ದ ಜಂಬ ಸಣ್ಣದಲ್ಲ. ಬೇರೆಯವರು ಮಾಡಿದ ರಿಪೇರಿಯನ್ನು ಅವನು ಹೊಗಳಿದ್ದನ್ನು ಕೇಳಿದವರೇ ಇಲ್ಲ. ಯಾವ ವಾದ್ಯ ಬಂದರೂ ಅದನ್ನು ತಿರುಗಿಸಿ ನೋಡಿ, “ಇದಕ್ಕೆ ಕೈ ಹಾಕಿದ್ದು ಯಾರು? ಸೈಕಲ್ ಪಂಕ್ಚರ್ ಹಾಕೋನಾ?” ಎಂದು ಕೇಳುವುದು ಅವನ ಪದ್ಧತಿ. ಆದರೆ ವಾದ್ಯದ ವಿಷಯದಲ್ಲಿ ಹೀಗೆ ಕಡ್ಡಿ ಮುರಿದಂತೆ ಮಾತಾಡುವವನು, ಅದನ್ನು ಊದುವವರ ವಿಷಯಕ್ಕೆ ಬಂದರೆ ಬೆಣ್ಣೆಯಾಗುತ್ತಿದ್ದ. ಎಂಥ ಕರ್ಣಕಠೋರ ಗಿರಾಕಿ ಬಂದು ಊದಿ ತೋರಿಸಿದರೂ “ನಿಮ್ಮ ಉಸಿರು ಚೆನ್ನಾಗಿದೆ” ಎನ್ನುತ್ತಿದ್ದ. ಉಸಿರು ಚೆನ್ನಾಗಿದೆ ಎಂದರೆ ಮನುಷ್ಯ ಬದುಕಿದ್ದಾನೆ ಎಂದಷ್ಟೇ ಅರ್ಥ ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಈ ಬೆಣ್ಣೆಯೇ ಅವನನ್ನು ಅಕ್ಕನ ಗಂಡನ ಸ್ಯಾಕ್ಸೊಫೋನಿನಲ್ಲಿ ಸಿಕ್ಕಿಸಿದ್ದು.

ಭಾವ ನೀರು ಸರಬರಾಜು ಇಲಾಖೆಯಲ್ಲಿ ದೊಡ್ಡ ಸಾಹೇಬರಾಗಿದ್ದು ನಿವೃತ್ತರಾದವರು. ಕುರ್ಚಿ ಹೋಯಿತು, ಗಂಟಲು ಹಾಗೇ ಉಳಿಯಿತು. ಕೆಲಸದಲ್ಲಿದ್ದಷ್ಟು ಕಾಲ ಅವರು ಕೆಮ್ಮಿದರೂ ಎದುರಿಗಿದ್ದವರು “ಸರಿಯಾಗಿ ಹೇಳಿದ್ರಿ ಸಾರ್” ಎನ್ನುತ್ತಿದ್ದರು. ನಿವೃತ್ತಿಯ ನಂತರ ಹಾಗೆನ್ನುವವರು ಕಡಿಮೆಯಾದರು ಎನ್ನುವಷ್ಟರಲ್ಲಿ, ಹಳೆಯ ಹೋಟೆಲೊಂದು ಮುಚ್ಚಿ ಅದರ ಬ್ಯಾಂಡಿನ ಸಾಮಾನುಗಳು ಹರಾಜಿಗೆ ಬಂದವು. ಭಾವ ಕುರ್ಚಿ ಕೊಳ್ಳಲೆಂದು ಹೋದವರು ಸ್ಯಾಕ್ಸೊಫೋನ್ ಕೊಂಡು ತಂದರು. ಪುಸ್ತಕ ನೋಡಿಕೊಂಡು ತಾವೇ ಕಲಿತರು. ಕಲಿಸುವವರೊಬ್ಬರನ್ನು ಗೊತ್ತು ಮಾಡೋಣವೇ ಎಂದು ಅಕ್ಕ ಕೇಳಿದಾಗ, “ಇಡೀ ಊರಿಗೆ ನೀರು ಕುಡಿಸಿದವನು ನಾನು. ಒಂದು ಕೊಳವೆಯೊಳಗೆ ಗಾಳಿ ಬಿಡೋದನ್ನ ಇನ್ನೊಬ್ಬರಿಂದ ಕಲೀಬೇಕಾ?” ಎಂದರಂತೆ.

ಅವರು ಮೊದಲ ಬಾರಿಗೆ ಪೀಪಿ ದಂಪತಿಯನ್ನು ಊಟಕ್ಕೆ ಕರೆದು ನುಡಿಸಿದ ದಿನ ಅಕ್ಕಪಕ್ಕದ ಫ್ಲ್ಯಾಟಿನವರೂ ಇದ್ದರು. ನಲ್ಲಿಯಲ್ಲಿ ನೀರು ಬರುವ ಮೊದಲು ಗೊರಗೊರ ಗಾಳಿ ಬರುತ್ತದಲ್ಲ, ಅಂಥ ಸದ್ದಿನಿಂದ ಶುರುವಾಗಿ, ನಡುವೆ ಎರಡು ಸಲ ಕಿರುಚಿ, ಕೊನೆಗೆ ಏದುಸಿರಿನಲ್ಲಿ ನಿಂತಿತು. ಅದೊಂದು ಹಳೆಯ ಪ್ರೇಮಗೀತೆ ಎಂದು ಆಮೇಲೆ ಅಕ್ಕ ಹೇಳಿದ್ದರಿಂದ ತಿಳಿಯಿತು. ಎಲ್ಲರೂ ಪೀಪಿಯ ಮುಖ ನೋಡಿದರು. ಅಲ್ಲಿದ್ದವರಲ್ಲಿ ಆ ವಿದ್ಯೆ ತಿಳಿದವನು ಅವನೊಬ್ಬನೇ ತಾನೆ.

“ಉಸಿರು ಬಹಳ ಚೆನ್ನಾಗಿದೆ ಭಾವ,” ಎಂದ ಪೀಪಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಭಾವ ಇನ್ನೂ ಕಾಯುತ್ತಿದ್ದರು. “ವಾದ್ಯದ್ದೇ ತೊಂದರೆ. ಪ್ಯಾಡೆಲ್ಲ ಹೋಗಿದೆ. ಗಾಳಿ ಸೋರ್ತಿದೆ.”

ಪ್ಯಾಡು ಎಂದರೆ ಗುಂಡಗಿನ ರಟ್ಟಿನ ಬಿಲ್ಲೆ. ಅದರ ಮೇಲೆ ಉಣ್ಣೆಯ ಮೆತ್ತೆ, ಅದಕ್ಕೊಂದು ತೆಳು ಚರ್ಮದ ಹೊದಿಕೆ. ವಾದ್ಯದ ಮೈಮೇಲಿನ ತೂತುಗಳನ್ನು ಗಾಳಿ ಹೊರಬೀಳದಂತೆ ಮುಚ್ಚುವುದು ಅದರ ಕೆಲಸ. ಹಳೆಯದಾದರೆ ಒಣಗಿ ಸೆಟೆದುಕೊಳ್ಳುತ್ತದೆ. ಹೀಗಾಗಿ ಪೀಪಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಆದರೆ ಅದು ಅವತ್ತು ಆ ಕೋಣೆಯಲ್ಲಿದ್ದವರಿಗೆಲ್ಲ ಮುಳುಗುವವರಿಗೆ ಹಗ್ಗ ಸಿಕ್ಕಿದಂತಾಯಿತು. ಕೆಳಗಿನ ಫ್ಲ್ಯಾಟಿನ ಆಡಿಟರು, “ಅದೇ, ನಾನೂ ಅಂದ್ಕೊಂಡೆ, ಸಾಹೇಬರ ಕೈ ಎಲ್ಲಿ, ಆ ವಾದ್ಯ ಎಲ್ಲಿ!” ಎಂದರು. ಮೇಲಿನ ಫ್ಲ್ಯಾಟಿನ ಹಲ್ಲಿನ ಡಾಕ್ಟರಮ್ಮ ಕಣ್ಣೊರೆಸಿಕೊಂಡು, “ಸೋರೋ ವಾದ್ಯದಲ್ಲೇ ಇಷ್ಟು ಭಾವನೆ!” ಎಂದರು. ಅವರೇನು ಕೆಟ್ಟವರಲ್ಲ. ಊರಿಗೆಲ್ಲ ನೀರು ನಿಂತಾಗಲೂ ಆ ಕಟ್ಟಡಕ್ಕೆ ಮಾತ್ರ ನೀರು ಬರುತ್ತಿದ್ದುದು ಭಾವ ಮಾಡುವ ಒಂದು ಫೋನಿನಿಂದ. ಅಂಥವರ ಸಂಗೀತ ಕೆಟ್ಟದಾಗಿರುವುದು ಹೇಗೆ ಸಾಧ್ಯ?

ಅಂದಿನಿಂದ ಭಾವ ದಿನವೂ ಬೆಳಿಗ್ಗೆ, ಸಂಜೆ ಧೈರ್ಯವಾಗಿ ಊದಿದರು. ಕಿರುಚಿದ್ದೆಲ್ಲ ಪ್ಯಾಡಿನ ಲೆಕ್ಕಕ್ಕೆ ಹೋಯಿತು. ಇಲಾಖೆಯಲ್ಲಿದ್ದಾಗಲೂ ಸೋರಿಕೆ ಎಂದರೆ ಅದು ಕೆಳಗಿನವರ ತಪ್ಪೇ ಆಗಿತ್ತು. ಈ ಏರ್ಪಾಡು ಅವರಿಗೆ ಹೊಸದಲ್ಲ.

ಆಮೇಲೊಂದು ದಿನ ಅವರು ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಪೀಪಿಯ ಕೋಣೆಗೆ ಮೆಟ್ಟಿಲು ಹತ್ತಿ ಬಂದರು.

“ನೋಡಯ್ಯಾ, ಎಲ್ಲರ ಬಾಯಲ್ಲೂ ಒಂದೇ ಮಾತು. ದೋಷ ಇರೋದು ಪ್ಯಾಡಲ್ಲಿ. ಅಷ್ಟನ್ನೂ ಬದಲಾಯಿಸಿಬಿಡು. ಆಮೇಲೆ ನಮ್ಮ ಕಟ್ಟಡದವರನ್ನೆಲ್ಲ ಕೆಳಗಿನ ಹಾಲ್‌ನಲ್ಲಿ ಕೂರಿಸಿ ಒಂದು ಕಛೇರಿ ಕೊಡ್ತೀನಿ.”

ಪೀಪಿ ಕೈಯಲ್ಲಿದ್ದ ಅರಗಿನ ಕಡ್ಡಿಯನ್ನು ಕೆಳಗಿಟ್ಟ. “ಅಷ್ಟೂ ಯಾಕೆ ಭಾವ, ಮೇಲಿನ ನಾಲ್ಕೈದು ಬದಲಾಯಿಸಿದ್ರೆ ಸಾಕು.”

“ಇಲಾಖೆಯಲ್ಲಿ ನಾನು ಯಾವತ್ತಾದ್ರೂ ಅರ್ಧಂಬರ್ಧ ಕೆಲಸ ಮಾಡಿಸಿದ್ದು ನೋಡಿದ್ದೀಯಾ?”

ಊರಿನ ಅರ್ಧ ರಸ್ತೆಗಳು ಪೈಪಿಗೆಂದು ಅಗೆದ ಹಾಗೇ ಬಿದ್ದಿದ್ದುದು ಪೀಪಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. “ಇಲ್ಲ ಭಾವ,” ಎಂದ.

ಪೆಟ್ಟಿಗೆ ಕೋಣೆಗೆ ಬಂದ ಸುದ್ದಿ ಭಾವನ ಕಟ್ಟಡದಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಮರುದಿನವೇ ಹಲ್ಲಿನ ಡಾಕ್ಟರಮ್ಮ ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಬಂದರು. ಕೂರಲು ಸ್ಟೂಲಿನ ಮೇಲಿದ್ದ ಕೊಳಲನ್ನು ಎತ್ತಿಡಬೇಕಾಯಿತು.

“ಸಾರ್, ನೀವು ಎಂಥಾ ಕಲಾವಿದರು ಅಂತ ಎಲ್ಲರಿಗೂ ಗೊತ್ತು. ಕಲಾವಿದರಿಗೆ ಬೇಗ ತೃಪ್ತಿ ಆಗಬಾರದು.”

“ಅಂದ್ರೆ?”

“ರಿಪೇರಿ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ನಿಧಾನವಾಗಿ ಮಾಡಿ ಅಂತಿದೀನಿ. ನನ್ನ ಮಲಗೋ ಕೋಣೆ ಅವರ ನಡುಮನೆ ಮೇಲೇ ಬರುತ್ತೆ. ಕ್ಲಿನಿಕ್‌ನಲ್ಲಿ ದಿನವಿಡೀ ಡ್ರಿಲ್ ಸದ್ದು ಕೇಳಿ ಮನೆಗೆ ಬಂದ್ರೆ, ಮನೆಯಲ್ಲಿ ಅದಕ್ಕಿಂತ ಜೋರು.”

“ಅವತ್ತು ನೀವು ಕಣ್ಣೊರೆಸಿಕೊಂಡ್ರಲ್ಲ ಡಾಕ್ಟ್ರೆ?”

“ಒರೆಸಿಕೊಂಡಿದ್ದು ನಿಜ. ಕಾರಣ ಬೇರೆ.” ಡಾಕ್ಟರಮ್ಮ ಬಾಗಿ ಅವನ ಬಾಯಿಯತ್ತ ನೋಡಿದರು. “ನಿಮ್ಮ ಕೆಳಗಿನ ದವಡೆಯಲ್ಲಿ ಒಂದು ಹಲ್ಲು ಹುಳುಕಾಗಿದೆ ಅನ್ಸುತ್ತೆ. ಯಾವಾಗ ಬೇಕಾದ್ರೂ ಬನ್ನಿ. ಫೀಸಿನ ಮಾತೇ ಇಲ್ಲ.”

ಅವರು ಇಳಿದುಹೋಗುತ್ತಿದ್ದಂತೆ ಆಡಿಟರು ಹತ್ತಿ ಬಂದರು. ಅವರ ವಾದ ಇನ್ನೂ ಗಂಭೀರ. ಈಗಿರುವ ಸದ್ದು ಸೋರಿಕೆ ಕಳೆದು ಉಳಿದಿದ್ದು. ಸೋರಿಕೆ ನಿಂತರೆ ಪೂರ್ತಿ ಸದ್ದು ಹೊರಗೆ ಬರುತ್ತದೆ. ಪೂರ್ತಿ ಸದ್ದನ್ನು ಕಟ್ಟಡದ ಗೋಡೆಗಳು ತಡೆಯುವುದು ಅನುಮಾನ. “ಹೋಗಲಿ ನೀವೇ ನೇರವಾಗಿ ಹೇಳಿಬಿಡಿ ಸಾಹೇಬರಿಗೆ,” ಎಂದ ಪೀಪಿ. ಆಡಿಟರು ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದರು. “ನೀರು ಬರೋದೂ ಒಂದೇ ಫೋನಲ್ಲಿ. ನಿಲ್ಲೋದೂ ಒಂದೇ ಫೋನಲ್ಲಿ. ನಾನು ಯಾಕೆ ಹೇಳಲಿ? ನೀವು ಮನೆಯವರು. ನೀವು ಸುಮ್ಮನೆ ಏನೂ ಮಾಡದೆ ಇದ್ರೆ ಸಾಕು.”

ಏನೂ ಮಾಡದೆ ಇರುವುದು ಪೀಪಿಗೆ ಹಿಡಿಸಿತು. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ, ಮೇಲೊಂದು ಬಟ್ಟೆ ಹೊದಿಸಿದ. ಹಲ್ಲನ್ನೂ ತುಂಬಿಸಿಕೊಂಡು ಬಂದ. ಭಾವ ಫೋನ್ ಮಾಡಿದಾಗೆಲ್ಲ ಒಂದೊಂದು ನೆವ: ಒಳ್ಳೆ ಚರ್ಮ ಸಿಕ್ಕಿಲ್ಲ, ಅರಗು ಈ ಹವೆಗೆ ಹಿಡಿಯುತ್ತಿಲ್ಲ, ಸ್ಪ್ರಿಂಗ್ ಹೊರಗಿನಿಂದ ಬರಬೇಕು. ಇಂಥ ಉತ್ತರಗಳನ್ನು ಜೀವಮಾನವೆಲ್ಲ ಜನರಿಗೆ ಕೊಟ್ಟವರು ಭಾವ. ಆದ್ದರಿಂದಲೇ ಅವನ್ನು ಒಪ್ಪಿಕೊಂಡರು.

ಒಂದು ಮಧ್ಯಾಹ್ನ ಅಕ್ಕ ಬಂದಳು. ಮೆಟ್ಟಿಲು ಹತ್ತಿ ಸುಸ್ತಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತವಳನ್ನು ಕಂಡು, ಇವಳೂ ಅದೇ ಬೇಡಿಕೆ ತಂದಿದ್ದಾಳೆ ಎಂದುಕೊಂಡ ಪೀಪಿ ಅವಳು ಬಾಯಿ ಬಿಡುವ ಮೊದಲೇ ಸಮಾಧಾನ ಹೇಳಿದ.

“ಹೆದರಬೇಡ ಅಕ್ಕ. ಇನ್ನೂ ಒಂದು ಸ್ಕ್ರೂನೂ ಬಿಚ್ಚಿಲ್ಲ.”

ಅಕ್ಕ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳದಲ್ಲಿದ್ದ ಸ್ಪ್ರಿಂಗುಗಳು ನೆಗೆದು ಚೆಲ್ಲಾಪಿಲ್ಲಿಯಾದವು.

“ಬಿಚ್ಚೇ ಇಲ್ವಾ? ಲೋ ಪೀಪಿ, ನಿನಗೇನು ಮನುಷ್ಯತ್ವ ಅನ್ನೋದು ಇದೆಯೇನೋ?”

“ನೀನು ನೆಮ್ಮದಿಯಾಗಿರಲಿ ಅಂತಾನೇ...”

“ನೆಮ್ಮದಿ! ಆ ಸ್ಯಾಕ್ಸೊಫೋನು ಮನೆಯಿಂದ ಹೊರಗೆ ಹೋದಾಗಿನಿಂದ ನಿನ್ನ ಭಾವ ಅಡುಗೆಮನೆ ಒಳಗೆ ಬಂದಿದ್ದಾರೆ. ಅಕ್ಕಿ ತೊಳೆಯೋಕೆ ಎಷ್ಟು ನೀರು ಖರ್ಚು ಮಾಡ್ತೀಯ ಅಂತ ಅಳತೆ ಪಾತ್ರೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಾರೆ. ಡಬ್ಬಿಗೆಲ್ಲ ಚೀಟಿ ಅಂಟಿಸಿದ್ದಾರೆ. ಉಪ್ಪಿನ ಡಬ್ಬಿಗೆ ‘ಉಪ್ಪು’ ಅಂತ! ಮದುವೆಯಾದಾಗಿನಿಂದ ಅದೇ ಡಬ್ಬಿಯಿಂದ ಉಪ್ಪು ಹಾಕ್ತಿದೀನಿ ಕಣೋ ನಾನು!” ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರು ಊದ್ತಿದ್ದಾಗ ಕಿವಿ ಮಾತ್ರ ಹೋಗ್ತಿತ್ತು. ಈಗ ಮನೆಯೇ ಹೋಗ್ತಿದೆ.”

“ಹಾಗಾದ್ರೆ ಊದೋದೇ ವಾಸಿ ಅಂತೀಯ?”

“ವಾಸಿ ಅಂದ್ರೆ? ಅದು ನನಗೆ ಸ್ವರ್ಗ. ಅವರು ಬಾಗಿಲು ಹಾಕ್ಕೊಂಡು ಊದೋರು, ನಾನು ಈ ಕಡೆ ಬಾಗಿಲು ಹಾಕ್ಕೊಂಡು ಫೋನಲ್ಲಿ ಹರಟೋಳು. ನನ್ನ ಸಂಸಾರ ಉಳಿಸೋ ಯೋಚನೆ ಇದ್ರೆ ಬೇಗ ಮಾಡಿಕೊಡು.”

ಅಕ್ಕ ಹೋದ ಮೇಲೆ ಪೀಪಿ ನೆಲದ ಮೇಲೆ ಮಂಡಿಯೂರಿ ಸ್ಪ್ರಿಂಗ್ ಆರಿಸುತ್ತಿದ್ದಾಗ ಡಾಕ್ಟರಮ್ಮ, ಆಡಿಟರು ಈ ಬಾರಿ ಒಟ್ಟಿಗೇ ಬಂದರು. ಹಣ್ಣಿನ ಬುಟ್ಟಿ ಮೊದಲಿಗಿಂತ ದೊಡ್ಡದಿತ್ತು. ಭಾವ ಅಡುಗೆಮನೆ ಮುಗಿಸಿ ಕಟ್ಟಡಕ್ಕೆ ಕೈ ಹಾಕಿದ್ದರು. ಯಾರ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ, ಯಾರ ಕಸದ ಬುಟ್ಟಿಗೆ ಮುಚ್ಚಳವಿಲ್ಲ, ಎಲ್ಲದರ ತಪಾಸಣೆ. ಸೋರಿಕೆ ಪತ್ತೆ ಮಾಡಲೆಂದು ಹೇಳದೆ ಕೇಳದೆ ಮುಖ್ಯ ವಾಲ್ವ್ ಬಂದ್ ಮಾಡಿದ ಹೊತ್ತಿನಲ್ಲಿ ಡಾಕ್ಟರಮ್ಮನ ತಲೆಯ ತುಂಬ ಶಾಂಪೂ ನೊರೆಯಿತ್ತು.

“ಕಲಾವಿದರಿಗೆ ಬೇಗ ತೃಪ್ತಿ ಆಗಬಾರದು ಅಂದಿದ್ರಿ,” ಎಂದ ಪೀಪಿ, ಮೇಜಿನಡಿಯಿಂದಲೇ.

“ಅತಿ ಮಾಡಬಾರದು ಸಾರ್,” ಎಂದರು ಡಾಕ್ಟರಮ್ಮ.

ಹೀಗೆ ಸ್ಯಾಕ್ಸೊಫೋನು ಮೇಜಿನ ಮೇಲೆ ಬಂತು.

ಪೀಪಿ ಅದನ್ನು ಬಿಚ್ಚಲು ಕೂತದ್ದು ಬೇಸರದಿಂದಲೇ. ಆದರೆ ಕೀಗಳನ್ನೆಲ್ಲ ಕಳಚಿ, ಕಪ್ಪು ಹಿಡಿದಿದ್ದ ಮೈಯನ್ನು ಒರೆಸುತ್ತಿದ್ದಂತೆ ಅವನ ಕೈ ನಿಧಾನವಾಯಿತು. ವಾದ್ಯದ ಅಗಲವಾದ ಬಾಯಿಯ ಸುತ್ತ ಯಾರೋ ಉಳಿಯಿಂದ ಬಳ್ಳಿ ಕೆತ್ತಿದ್ದರು. ಎಲೆಯ ನರಗಳೂ ಕಾಣುತ್ತಿದ್ದವು. ಒಳಗಿನ ಕೊಳವೆ ಎಲ್ಲೂ ಬಾಗಿರಲಿಲ್ಲ. ಇಂಥದು ಅವನ ಮೇಜಿಗೆ ಬರುವುದು ಅಪರೂಪ. ಹೆಂಡತಿಯನ್ನು ಕರೆದು ತೋರಿಸಿದ. “ಚೆನ್ನಾಗಿದೆ,” ಎಂದಳು ಅವಳು, ಅಲ್ಲಿ ಏನನ್ನೂ ಮುಟ್ಟದಂತೆ ಕೈಕಟ್ಟಿಕೊಂಡು.

ಹಳೆಯ ಪ್ಯಾಡುಗಳು ಒಣರೊಟ್ಟಿಯ ಚೂರಿನಂತೆ ಮುರಿದು ಬಂದವು. ಪೀಪಿ ಪ್ಯಾಡು ಕೂರುವ ಪ್ರತಿ ಬಟ್ಟಲನ್ನೂ ಕೆರೆದು ಚೊಕ್ಕ ಮಾಡಿ, ದೀಪದ ಮೇಲೆ ಹಿಡಿದು, ಕರಗಿದ ಅರಗಿನ ಹನಿ ಬಿಟ್ಟು, ಹೊಸ ಪ್ಯಾಡನ್ನು ಕೂರಿಸಿದ. ಕೂರಿಸುವುದು ಸುಲಭ, ಸಮನಾಗಿ ಕೂರಿಸುವುದೇ ಪಡಿಪಾಟಲು. ಕಿಟಕಿಗೆ ಪರದೆ ಎಳೆದು, ತಂತಿಗೆ ಕಟ್ಟಿದ ಪುಟ್ಟ ಬಲ್ಬನ್ನು ಕೊಳವೆಯೊಳಗೆ ಇಳಿಬಿಟ್ಟು, ಪ್ಯಾಡಿನ ಅಂಚಿನಲ್ಲಿ ಬೆಳಕು ಇಣುಕುತ್ತದೆಯೇ ಎಂದು ನೋಡಬೇಕು. ಇಣುಕಿದರೆ ಮತ್ತೆ ಬಿಸಿ ಮಾಡು, ಮತ್ತೆ ಒತ್ತು, ಮತ್ತೆ ನೋಡು. ಕೆಳಗಿನ ದೊಡ್ಡ ಪ್ಯಾಡೊಂದು ಅವನನ್ನು ಗೋಳು ಹೊಯ್ದುಕೊಂಡಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬೆಳಕು. ಅವನು ಅದಕ್ಕೆ ಬಾಯಿಗೆ ಬಂದಂತೆ ಬಯ್ದ, ಆಮೇಲೆ ಮುದ್ದಿನಿಂದ ಮಾತಾಡಿಸಿದ, ಕೊನೆಗೆ ಬಟ್ಟಲಿನ ಅಂಚೇ ಸೊಟ್ಟಗಿದೆ ಎಂದು ಹೊಳೆದು ಅದನ್ನು ಮರದ ಸುತ್ತಿಗೆಯಿಂದ ಸವರಿದಂತೆ ತಟ್ಟಿ ನೇರ ಮಾಡಿದ. ಬೆಳಕು ಆರಿತು. ಅಂದು ಹೆಂಡತಿಗೆ ಆ ಪ್ಯಾಡಿನ ಕಥೆಯನ್ನು ಊಟದ ನಡುವೆ ಎರಡು ಸಲ ಹೇಳಿದ.

ಎಲ್ಲ ಜೋಡಿಸಿ ತಾನೇ ಊದಿ ನೋಡಿದಾಗ ಕೆಳಸ್ವರ ಬಾಯಿಂದ ಹೊರಟಿತೋ, ನೆಲದಿಂದ ಎದ್ದಿತೋ ಎಂಬಂತೆ ತುಂಬಿಕೊಂಡಿತು; ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಪೀಪಿ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

“ಇಂಥದನ್ನ ಭಾವನ ಕೈಗೆ ಕೊಡಬೇಕಲ್ಲೇ.”

“ಅದಲ್ಲ ನಿಮ್ಮ ಸಂಕಟ,” ಎಂದಳು ಹೆಂಡತಿ. “ಇನ್ನು ಮೇಲೆ ಕಿರುಚಿದ್ರೆ ಯಾರ ಮೇಲೆ ಹಾಕ್ತೀರಿ? ಒಂದು ಸಣ್ಣ ತೂತು ಉಳಿಸಿಬಿಡಿ ರೀ. ಅವರಿಗೂ ಮರ್ಯಾದೆ, ನಿಮಗೂ ನೆಮ್ಮದಿ.”

ಅವಳು ಹೇಳಿದ್ದು ಬುದ್ಧಿಯ ಮಾತೇ. ಒಂದು ಸ್ಕ್ರೂವನ್ನು ತುಸು ಸಡಿಲ ಮಾಡಿದರೆ ಸಾಕಿತ್ತು. ಪೀಪಿ ಸಡಿಲ ಮಾಡಿದ. ಬಲ್ಬು ಇಳಿಬಿಟ್ಟ. ತಾನು ಅಷ್ಟು ಹೊತ್ತು ಗುದ್ದಾಡಿ ಆರಿಸಿದ ಬೆಳಕು ಉಗುರಿನಂಚಿನಷ್ಟು ಇಣುಕಿ ಅವನನ್ನೇ ಅಣಕಿಸಿದಂತಾಯಿತು. ಮತ್ತೆ ಬಿಗಿದ. ಇನ್ನೊಮ್ಮೆ ಸಡಿಲಿಸಿದ. “ಥೂ!” ಎಂದು ಬಿಗಿದು, ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟ.

ಕಛೇರಿಯ ಸಂಜೆ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಬರದೆ ಇರುವ ಧೈರ್ಯ ಯಾರಿಗಿತ್ತು? ಭಾವ ಇಸ್ತ್ರಿ ಮಾಡಿದ ಕೋಟಿನಲ್ಲಿ ನಿಂತು, ವಾದ್ಯದ ಹೊಳೆಯುವ ಬಳ್ಳಿಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ, ಸೋರಿಕೆ ನಿವಾರಣೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿದರು. ಆಮೇಲೆ ಊದಿದರು.

ಇಷ್ಟು ದಿನ ಮಂಜಿನ ಹಿಂದೆ ಇದ್ದದ್ದು ಈಗ ಬಿಸಿಲಿಗೆ ಬಂದಂತಾಯಿತು. ಪ್ರತಿ ಸ್ವರವೂ ತುಂಬಿ, ತೂಗಿ, ಸ್ಪಷ್ಟವಾಗಿ ತಪ್ಪಾಗಿ ಬಂತು. ಹಿಂದೆಲ್ಲ ಗೊರಗೊರದಲ್ಲಿ ಅಡಗಿಹೋಗುತ್ತಿದ್ದ ತಾಳ ಈಗ ಎಡವುವುದು ಎಲ್ಲರಿಗೂ ಕೇಳಿಸಿತು. ನಡುವೆ ಒಮ್ಮೆ ಭಾವ ತಾವೇ ಬೆಚ್ಚಿದವರಂತೆ ನಿಂತು, ವಾದ್ಯದ ಒಳಗೆ ಇಣುಕಿ ನೋಡಿ, ಮತ್ತೆ ಮುಂದುವರಿಸಿದರು. ಹಾಡು ಮುಗಿದಾಗ ಚಪ್ಪಾಳೆ ಬಂತು. ಭಾವ ಕೈಯೆತ್ತಿ ಅದನ್ನು ನಿಲ್ಲಿಸಿದರು.

“ಏನೋ ಸರಿ ಇಲ್ಲ,” ಎಂದರು. ಅವರ ಹಣೆ ಬೆವರಿತ್ತು. “ಏನು ಅಂತ ಹೇಳಿ.”

“ಈ ಹಾಲ್ ಸರಿ ಇಲ್ಲ ಸಾರ್,” ಎಂದರು ಆಡಿಟರು. “ಬರೀ ಗೋಡೆ. ಸದ್ದು ಹೊಡೆದು ವಾಪಸ್ ಬರುತ್ತೆ.”

“ಹವೆ,” ಎಂದರು ಡಾಕ್ಟರಮ್ಮ. “ಇವತ್ತು ಬಹಳ ತೇವ ಇದೆ. ನನಗೇ ಕಿವಿ ಕಟ್ಟಿದ ಹಾಗಿದೆ.”

ಹಿಂದಿನ ಸಾಲಿನಿಂದ ಯಾರೋ ಬಾಯಿಗಿಟ್ಟು ಊದುವ ಜೊಂಡಿನ ರೀಡು ಹಳೆಯದಿರಬೇಕು ಎಂದರು. ಇನ್ನೊಬ್ಬರು ಕುರ್ಚಿಗಳು ಪ್ಲಾಸ್ಟಿಕ್ಕಿನವು ಎಂದರು. ಪೀಪಿ ತಲೆ ತಗ್ಗಿಸಿ, ತನ್ನ ಬೂಟಿನ ಲೇಸನ್ನೇ ನೋಡುತ್ತ ಕೂತಿದ್ದ. ಗೋಡೆ, ಹವೆ, ಕುರ್ಚಿ, ಏನಾದರೂ ಹೇಳಿಕೊಳ್ಳಲಿ, ಈ ಸಂಜೆ ಮುಗಿದರೆ ಸಾಕು ಎಂದುಕೊಂಡ. ಮುಗಿಯುತ್ತಲೂ ಇತ್ತು. ಅಷ್ಟರಲ್ಲಿ ಆಡಿಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

“ಅಥವಾ ಪ್ಯಾಡು ಸರಿಯಾಗಿ ಕೂತಿಲ್ವೇನೋ ಸಾರ್. ನಮ್ಮವರೇ ಮಾಡಿದ್ದು ಅಂತ ನಾವು ನೋಡೋಕೆ ಹೋಗಲ್ಲ, ಅಷ್ಟೇ.”

ಪೀಪಿ ಎದ್ದುನಿಂತ. ಹೆಂಡತಿ ಅವನ ಅಂಗಿಯ ಚುಂಗು ಹಿಡಿದೆಳೆದಳು. ಬಟ್ಟೆ ಹಿಗ್ಗಿತೇ ವಿನಾ ಅವನು ಕೂರಲಿಲ್ಲ.

“ಪ್ಯಾಡು ಸರಿಯಾಗಿ ಕೂತಿದೆ,” ಎಂದ. “ಒಂದೊಂದೂ ಕೂತಿದೆ. ಬೇಕಾದ್ರೆ ಬಲ್ಬು ಹಾಕಿ ತೋರಿಸ್ತೀನಿ. ಇಂಥ ವಾದ್ಯ ಈ ಊರಲ್ಲಿ ಇನ್ನೊಂದಿಲ್ಲ. ವಾದ್ಯ ಸರಿ ಇದೆ, ಹಾಲ್ ಸರಿ ಇದೆ, ಹವೆ ಸರಿ ಇದೆ. ಭಾವ, ನಿಮಗೆ ನುಡಿಸೋಕೆ ಬರಲ್ಲ.”

ಹಾಲ್‌ನಲ್ಲಿ ಎಲ್ಲರ ತಲೆ ಭಾವನ ಕಡೆ ತಿರುಗಿತು. ಗೋಡೆಯ ಮೇಲೆ ಆಡಿಟರು ಹಾಕಿದ್ದ ದೋಷವೂ ಅಲ್ಲೇ ಬಿದ್ದುಹೋಯಿತು. ಭಾವ ವಾದ್ಯದ ಕತ್ತನ್ನು ಕಳಚಿ, ಮೈಯನ್ನು ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಎರಡೂ ಚಿಲಕ ಹಾಕಿ, ಯಾರ ಮುಖವನ್ನೂ ನೋಡದೆ ಲಿಫ್ಟಿನ ಕಡೆ ನಡೆದರು. ಅಕ್ಕ ಹಿಂದಿನಿಂದ ಹೋದಳು. ಹೋಗುವಾಗ ತಮ್ಮನ ಕಡೆ ಒಂದು ನೋಟ ಬೀರಿದಳು. ಚಿಕ್ಕಂದಿನಲ್ಲಿ ಅವಳ ಗೊಂಬೆಯ ಕೈ ಮುರಿದಾಗ ನೋಡಿದ್ದಳಲ್ಲ, ಅಂಥದ್ದು.

ಆಮೇಲಿನ ದಿನಗಳಲ್ಲಿ ಪೀಪಿಗೆ ಎಲ್ಲೆಡೆಯಿಂದ ಉಗಿತ. “ಅಷ್ಟು ಒರಟಾಗಿ ಹೇಳಬಾರದಿತ್ತು,” ಎಂದರು ಡಾಕ್ಟರಮ್ಮ, ನೆಮ್ಮದಿಯ ನಿದ್ದೆಯಿಂದ ಮುಖ ತುಂಬಿಕೊಂಡು. “ವಯಸ್ಸಾದವರು. ಮನಸ್ಸು ನೋಯಿಸೋದಾ?” ಎಂದರು ಆಡಿಟರು. ಅಕ್ಕ ಫೋನ್ ಎತ್ತಲಿಲ್ಲ. ಹೆಂಡತಿ ಮಾತ್ರ ಏನೂ ಬಯ್ಯಲಿಲ್ಲ; ಅನ್ನ ಬಡಿಸುವಾಗ ಸೌಟನ್ನು ತುಸು ಜೋರಾಗಿ ಕುಕ್ಕುತ್ತಿದ್ದಳು, ಅಷ್ಟೇ. ನಿಜ ಹೇಳಿದ್ದಕ್ಕೆ ತನಗೆ ಈ ಶಿಕ್ಷೆಯೇ ಎಂದು ಪೀಪಿ ಮೊದಮೊದಲು ತನ್ನನ್ನು ತಾನೇ ಸಂತೈಸಿಕೊಂಡ. ಆದರೆ ಅರಗು ಕರಗಿಸುತ್ತ ಕೂತಾಗ ಆ ಸಮಾಧಾನ ನಿಲ್ಲಲಿಲ್ಲ. ಗೋಡೆಯನ್ನು ಬಯ್ದಾಗ ತಾನು ಸುಮ್ಮನಿದ್ದೆ, ಹವೆಯನ್ನು ಬಯ್ದಾಗ ಸುಮ್ಮನಿದ್ದೆ, ಪ್ಯಾಡನ್ನು ಬಯ್ದಾಗ ಮಾತ್ರ ನಿಜ ನೆನಪಾಯಿತು ಎಂಬುದು ಮುಳ್ಳಿನಂತೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಭಾವ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕೋಟು ಇರಲಿಲ್ಲ. ಪೀಪಿ ಗಡಬಡಿಸಿ ಸ್ಟೂಲು ಒರೆಸಿದ. ಅವರು ಕೂತು, ಕೋಣೆಯನ್ನೆಲ್ಲ ಕಣ್ಣಾಡಿಸಿ, ಕೊನೆಗೆ ಕೇಳಿದರು:

“ಅವತ್ತು ನೀನು ಅಂದಿದ್ದು ನಿಜ ಅಂತ ಅಂದಿದ್ದಾ? ಅಥವಾ ನಿನ್ನ ಪ್ಯಾಡಿಗೆ ಅವಮಾನ ಆಯ್ತು ಅಂತ ಅಂದಿದ್ದಾ?”

ಪೀಪಿಗೆ ಸುಳ್ಳು ಹೊಳೆಯಲಿಲ್ಲ. “ಎರಡೂ ಭಾವ.”

“ಹೂಂ.” ಅವರು ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟರು. “ನನ್ನ ಸರ್ವಿಸಿನಲ್ಲಿ ಒಬ್ಬನೇ ಒಬ್ಬನೂ ನನಗೆ ತಪ್ಪು ಅಂತ ಹೇಳಿರಲಿಲ್ಲ, ಗೊತ್ತಾ?”

“ಹೇಳಿದ್ರೆ ವರ್ಗ ಮಾಡ್ತಿದ್ರಿ ಅಂತ ಕೇಳಿದ್ದೆ.”

“ಮಾಡ್ತಿದ್ದೆ,” ಎಂದರು ಭಾವ, ಯೋಚಿಸದೆಯೇ. ಆಮೇಲೆ ತುಟಿಯ ಮೂಲೆ ಸ್ವಲ್ಪ ಅಲುಗಿತು. “ನಿನ್ನನ್ನ ವರ್ಗ ಮಾಡೋ ಹಾಗಿಲ್ಲ. ನಿನ್ನ ಅಕ್ಕ ಬಿಡಲ್ಲ. ಹೋಗಲಿ, ಎಲ್ಲಿಂದ ಶುರು ಮಾಡಬೇಕು ಹೇಳು.”

“ಒಂದು ಸ್ವರದಿಂದ.”

“ಒಂದೇನಾ? ಎಷ್ಟು ಹೊತ್ತು?”

“ಅದು ನಡುಗದೆ ನಿಲ್ಲೋವರೆಗೂ.”

ಅಂದಿನಿಂದ ಭಾವ ಬೆಳಗಿನ ತಿಂಡಿ ಮುಗಿಸಿ, ಆಫೀಸಿಗೆ ಹೊರಟವರಂತೆ ಹೊರಟು ಪೀಪಿಯ ಕೋಣೆಗೆ ಬರತೊಡಗಿದರು. ಅಕ್ಕನಿಗೆ ಮನೆ ಸಿಕ್ಕಿತು. ತಮ್ಮನ ಫೋನನ್ನೂ ಎತ್ತಿದಳು. ಕಟ್ಟಡಕ್ಕೆ ನೀರೂ ಸಿಕ್ಕಿತು, ನಿಶ್ಶಬ್ದವೂ ಸಿಕ್ಕಿತು. ಪೀಪಿಯ ಪಾಲಿಗೆ ಬಂದದ್ದು ದಿನವಿಡೀ ಒಂದೇ ಸ್ವರ. ಹತ್ತಿಯ ಉಂಡೆಯನ್ನು ಕಿವಿಗಿಟ್ಟುಕೊಂಡು ಕೆಲಸ ಮಾಡಿ ನೋಡಿದ, ಭಾವ ಅದನ್ನು ಗಮನಿಸಿ, “ಕೇಳಿಸಿಕೊಳ್ಳದೆ ತಪ್ಪು ಹೇಗೆ ಹೇಳ್ತೀಯ?” ಎಂದು ತೆಗೆಸಿದರು.

ಹಾಗೇ ನಡೆದಿರುವಾಗ ಒಂದು ದಿನ ಶಾಲೆಯೊಂದರ ಸಂಗೀತದ ಮೇಷ್ಟರು ಕ್ಲಾರಿನೆಟ್ ರಿಪೇರಿಗೆ ಕೊಡಲು ಬಂದರು. ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಊದುತ್ತಿದ್ದ ಹಿರಿಯರನ್ನು ಕಂಡು, ಸ್ವರ ಮುಗಿಯುವವರೆಗೆ ಬಾಗಿಲಲ್ಲೇ ನಿಂತು, ಆಮೇಲೆ ಕೈಮುಗಿದರು.

“ಅದ್ಭುತ ಸಾರ್. ಎಂಥ ನಾದ!”

ಭಾವ ಕಣ್ಣು ತೆರೆದು ಮೇಷ್ಟರನ್ನು ಮೇಲಿಂದ ಕೆಳಗೆ ನೋಡಿದರು. “ಸುಳ್ಳು. ಕೊನೆಯಲ್ಲಿ ನಡುಗಿತು.”

ಮೇಷ್ಟರು ಕಕ್ಕಾಬಿಕ್ಕಿಯಾಗಿ ಪೀಪಿಯ ಕಡೆ ತಿರುಗಿದರು. ಭಾವನೂ ತಿರುಗಿದರು.

“ನಡುಗಿತೋ ಇಲ್ಲವೋ?”

ಪೀಪಿ ಚಿಮಟವನ್ನು ಕೆಳಗಿಟ್ಟ. ಆ ಸ್ವರ ಹಿಂದಿನ ವಾರಕ್ಕಿಂತ ಎಷ್ಟೋ ಮೇಲಿತ್ತು. ಹಾಗೆಂದು ಹೇಳಿದರೆ ಮುದುಕರು ಅದನ್ನೇ ಹಿಡಿದುಕೊಂಡು ಮನೆಗೆ ಹೋಗಿ ಕಛೇರಿ ಇಟ್ಟುಕೊಂಡಾರು ಎಂಬ ಭಯವೂ ಇತ್ತು.

“ಸ್ವಲ್ಪ ನಡುಗಿತು ಭಾವ. ತೀರಾ ಸ್ವಲ್ಪ.”

“ಸ್ವಲ್ಪ ಅಂದ್ರೂ ನಡುಗಿದ್ದೇ,” ಎಂದು ಭಾವ ಸಂತೋಷದಿಂದ ತಲೆಯಾಡಿಸಿ, ರೀಡನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಎದೆ ತುಂಬ ಉಸಿರೆಳೆದುಕೊಂಡರು.